ಕೊರಿಯನ್ ಕಲಿಯಲು ಇಂಗ್ಲಿಷಿನ ಹಂಗೇಕೆ?

ಪ್ರಶ್ನೆ: ಎರಡು ವರ್ಷದಿಂದ ಕೊರಿಯನ್ ಧಾರಾವಾಹಿ ನೋಡುತ್ತಿದ್ದೇನೆ. ಈಗ ಭಾಷೆಯನ್ನೇ ಕಲಿಯುವ ಮನಸ್ಸಾಗಿದೆ. ಕೊರಿಯನ್ ವಾಕ್ಯಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವ ಪುಸ್ತಕವೊಂದನ್ನು ಗೆಳತಿ ಕೊಟ್ಟಿದ್ದಾಳೆ. ಲಿಪಿಯ ಗೋಜಿಗೆ ಹೋಗದೆ ಮೊದಲು ಮಾತು ಕಲಿತರೆ ಆಗದೇ?
– ಬಿ.ಕಾಂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆಗದು. ಪುಸ್ತಕವನ್ನು ಗೆಳತಿಗೇ ಹಿಂದಿರುಗಿಸಿ. ದಕ್ಷಿಣ ಕೊರಿಯಾದ ರಾಜಧಾನಿಯನ್ನು ನಾವು ಒಮ್ಮೆ ‘ಸೋಲ್’ ಎಂದು, ಇನ್ನೊಮ್ಮೆ ‘ಸಿಯೋಲ್’ ಎಂದು ಬರೆಯುವುದು ರೋಮನ್ ಅಕ್ಷರಗಳು ಮಾಡಿದ ಉಪಕಾರ. ಅಲ್ಲಿನವರ ಬಾಯಲ್ಲಿ ಅದು ‘ಸೊ-ಉಲ್’. ರೋಮನ್ನಿನಲ್ಲಿ ಎರಡು ಅಕ್ಷರವಾಗಿ ಕಾಣುವುದು ಅಲ್ಲಿ ಒಂದೇ ಸ್ವರ. ತುಟಿ ದುಂಡಗೆ ಮಾಡದೆ ‘ಒ’ ಅಂದು ನೋಡಿ, ಹತ್ತಿರ ಬರುತ್ತದೆ. ನಾವು ‘ಹುಂಡೈ’ ಅನ್ನುವ ಕಾರಿನ ಹೆಸರು ಅವರಿಗೆ ‘ಹ್ಯೊಂದೆ’. ರೋಮನ್ ನಂಬಿ ಆರು ತಿಂಗಳು ಕಲಿತರೆ, ಮುಂದಿನ ಆರು ತಿಂಗಳು ಅದನ್ನು ಮರೆಯಲು ಬೇಕು.

ಅವರ ಲಿಪಿ ಹಂಗುಲ್ ಹೆದರಿಸುವಂಥದ್ದಲ್ಲ. ಓದುಬರಹವೆಂದರೆ ಚೀನೀ ಅಕ್ಷರ ಎನ್ನುವಂತಿದ್ದ ಕಾಲದಲ್ಲಿ, ಸಾಮಾನ್ಯರಿಗೂ ಎಟುಕಲಿ ಎಂದು ದೊರೆ ಸೆಜೋಂಗ್ 1443ರಲ್ಲಿ ಅದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ. ಇಂದು ಬಳಕೆಯಲ್ಲಿರುವ ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ಜೋಡಿ ಅಕ್ಷರಗಳನ್ನೂ ಎಣಿಸಿದರೆ 40. ವ್ಯಂಜನಗಳ ಆಕಾರ ಬಾಯಿಯನ್ನೇ ನೋಡಿ ಬರೆದದ್ದು: ‘ನ’ ಎಂಬುದು ಹಲ್ಲಿನ ಹಿಂದೆ ಎದ್ದ ನಾಲಗೆಯ ತುದಿ, ‘ಗ’ ಎಂಬುದು ಗಂಟಲಿನ ಕಡೆ ಏರಿದ ನಾಲಗೆಯ ಬುಡ, ‘ಮ’ ಎಂಬ ಚೌಕ ಬಾಯಿಯೇ. ಅಲ್ಪಪ್ರಾಣದ ಅಕ್ಷರಕ್ಕೆ ಗೆರೆಯೊಂದನ್ನು ಸೇರಿಸಿದರೆ ಮಹಾಪ್ರಾಣ. ಕಂಠ್ಯ, ತಾಲವ್ಯ, ಓಷ್ಠ್ಯ ಎಂದು ವರ್ಗ ಮಾಡಿ ಅಕ್ಷರ ಕಲಿತ ನಮಗೆ ಇದರ ತರ್ಕ ಕೂಡಲೇ ಹಿಡಿಯುತ್ತದೆ. ವ್ಯಂಜನ, ಸ್ವರ, ಕೆಳಗೊಂದು ಕೊನೆಯ ವ್ಯಂಜನ ಹೀಗೆ ಎಲ್ಲವನ್ನೂ ಒಂದೇ ಚೌಕದೊಳಗೆ ಕೂರಿಸುತ್ತಾರೆ. ಕಾಗುಣಿತವನ್ನೂ ಒತ್ತಕ್ಷರವನ್ನೂ ಬರೆದ ಕೈಗೆ ಇದು ಹೊಸ ಸಂಗತಿಯಲ್ಲ. ದಿನಕ್ಕೆ ಅರ್ಧ ಗಂಟೆ ಬರೆದರೆ ಒಂದು ವಾರದಲ್ಲಿ ತಡವರಿಸುತ್ತಲಾದರೂ ಓದುತ್ತೀರಿ.

ಪ್ರಶ್ನೆ: ಅಕ್ಷರ ಬಂದಿದೆ. ಆದರೆ ಒಂದೇ ಅಕ್ಷರ ಒಮ್ಮೆ ‘ಕ’ದಂತೆ, ಒಮ್ಮೆ ‘ಗ’ದಂತೆ ಕೇಳುತ್ತದೆ. ಜೊತೆಗೆ ‘ಖ’ ಬೇರೆ, ಬಿಗಿಯಾದ ‘ಕ್ಕ’ ಬೇರೆ. ತಲೆ ಕೆಟ್ಟಿದೆ.
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಆ ಸಾದಾ ಅಕ್ಷರ ಪದದ ಮೊದಲಲ್ಲಿ ‘ಕ’ದ ಹತ್ತಿರ, ಎರಡು ಸ್ವರಗಳ ನಡುವೆ ‘ಗ’. ನಮ್ಮಲ್ಲಿ ಕ, ಗ ಬೇರೆಬೇರೆ. ಅವರಿಗೆ ಆ ಭೇದ ಗಣನೆಗೇ ಇಲ್ಲ. ಅವರು ಗಮನಿಸುವುದು ಸಾದಾ, ಉಸಿರಿನ, ಬಿಗಿಯ ಎಂಬ ಮೂರು ಬಗೆಯನ್ನು. ಸಾದಾ ‘ಪುಲ್’ ಬೆಂಕಿ, ಉಸಿರು ಸೇರಿದ ‘ಫುಲ್’ ಹುಲ್ಲು, ಬಿಗಿದ ‘ಪ್ಪುಲ್’ ಕೊಂಬು. ತಮಾಷೆಯೆಂದರೆ ನಮ್ಮ ದಿನನಿತ್ಯದ ‘ಪ’ ಅವರ ಕಿವಿಗೆ ಬಿಗಿಯಾಗಿ ಕೇಳುತ್ತದೆ. ನೀವು ಬೆಂಕಿ ಅಂದುಕೊಂಡು ಹೇಳಿದ್ದು ಅವರಿಗೆ ಕೊಂಬಾಗಿರುತ್ತದೆ. ಸಾದಾ ಅಕ್ಷರಕ್ಕೆ ಒಂದಿಷ್ಟು ಉಸಿರು ಬಿಟ್ಟು ದನಿಯನ್ನು ತಗ್ಗಿನಲ್ಲಿ ಶುರು ಮಾಡಿ. ಉಸಿರಿನ ಅಕ್ಷರಕ್ಕೆ ದನಿ ಮೇಲಿಂದ ಹೊರಡಲಿ. ಇಂದಿನ ಸೊಉಲ್ ಯುವಕರ ಮಾತಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಹೆಚ್ಚಾಗಿ ಈ ಏರಿಳಿತವೇ.

ಮಂಗಳೂರಿನವರಾದ ನಿಮಗೆ ತುಳು ಬರುತ್ತಿದ್ದರೆ ಒಂದು ಲಾಭವಿದೆ. ಮನೆಗೆ ತುಳುವಿನಲ್ಲಿ ‘ಇಲ್ಲ್’ ಅನ್ನುವಾಗ ಕೊನೆಯಲ್ಲಿ ಅರ್ಧ ‘ಉ’ ಒಂದು ಬರುತ್ತದಲ್ಲ, ತುಟಿ ಚಾಚದ್ದು? ಬಯಲುಸೀಮೆಯ ವಿದ್ಯಾರ್ಥಿಗಳು ವಾರಗಟ್ಟಲೆ ಹೆಣಗುವ ಕೊರಿಯನ್ ಸ್ವರ ಹೆಚ್ಚುಕಡಿಮೆ ಅದೇ. ಕೊಡವರಿಗೂ ಅದು ಸಲೀಸು.

ಬರೆದದ್ದೊಂದು, ಓದುವುದೊಂದು ಎಂಬ ದೂರು ಮುಂದಿನ ವಾರ ನಿಮ್ಮಿಂದ ಬರುತ್ತದೆ, ಈಗಲೇ ಉತ್ತರಿಸುತ್ತೇನೆ. ‘ಕುಕ್’ಗೆ ‘ಮುಲ್’ ಸೇರಿ ಸಾರಿನ ತಿಳಿ ಎಂಬರ್ಥದ ಪದವಾಗುತ್ತದೆ. ಬರೆಯುವಾಗ ‘ಕುಕ್‌ಮುಲ್’, ಓದುವಾಗ ‘ಕುಙ್ಮುಲ್’. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವುದು ಯಾವ ಸಂಧಿಯಿಂದಲೋ ಇದೂ ಅದರಿಂದಲೇ. ಹೈಸ್ಕೂಲಿನ ವ್ಯಾಕರಣ ಪುಸ್ತಕ ಎಸೆದಿಲ್ಲವಷ್ಟೆ?

ಪ್ರಶ್ನೆ: ಅಪ್ಪ, ಅಮ್ಮ ಎಂಬ ಪದಗಳು ಕೊರಿಯನ್ನಿನಲ್ಲೂ ಇವೆ, ಅದು ದ್ರಾವಿಡ ಭಾಷೆಯೇ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವೇ?
– ನಿವೃತ್ತ ಕನ್ನಡ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ವಾಟ್ಸ್ಆ್ಯಪ್‌ಗಿಂತ ನೂರು ವರ್ಷ ಮೊದಲೇ ಈ ಮಾತು ಹುಟ್ಟಿದೆ. ಕೊರಿಯಾದಲ್ಲಿ ನೆಲೆಸಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದರು. ಇಂದಿನ ಬಹುತೇಕ ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಹಳಗನ್ನಡದ ‘ಪುಲ್’, ಕೊರಿಯನ್ನಿನ ‘ಫುಲ್’ ಎರಡೂ ಹುಲ್ಲೇ. ಆದರೆ ಇಂಥ ಬಿಡಿ ಹೋಲಿಕೆ ಸಾಲದು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಪದದಿಂದ ಪದಕ್ಕೆ ಹಕಾರವಾದಂತೆ, ನಿಯಮ ಹಿಡಿದು ಸಾಗುವ ಹೊಂದಿಕೆ ಬೇಕು. ಅಪ್ಪ, ಅಮ್ಮಂದಿರ ಸಾಕ್ಷಿಯಂತೂ ನಿಲ್ಲದು. ಎಳೆಮಕ್ಕಳ ಬಾಯಿಗೆ ಮೊದಲು ಬರುವ ಪಕಾರ, ಮಕಾರಗಳು ಲೋಕದ ಎಷ್ಟೋ ಭಾಷೆಗಳಲ್ಲಿ ತಂದೆತಾಯಿಯರ ಹೆಸರಾಗಿವೆ. ಭಾರತದಿಂದ ಸಮುದ್ರ ದಾಟಿ ಬಂದು ಕೊರಿಯಾದ ಗಾಯಾ ದೇಶದ ದೊರೆಯನ್ನು ವರಿಸಿದಳೆನ್ನುವ ರಾಣಿ ಹೊ ಹ್ವಾಂಗ್‌ಓಕ್‌ಳ ಕಥೆ 13ನೇ ಶತಮಾನದ ‘ಸಾಮ್‌ಗುಕ್ ಯುಸಾ’ದಲ್ಲಿದೆ. ಅದು ಐತಿಹ್ಯ, ಭಾಷೆಗೆ ಪುರಾವೆಯಲ್ಲ.

ನೆಂಟಸ್ತಿಕೆ ಇಲ್ಲದಿದ್ದರೂ ಸ್ವಭಾವ ಮಾತ್ರ ಒಂದೇ. ಕಲಿಯುವವರಿಗೆ ಬೇಕಾದದ್ದೂ ಅಷ್ಟೇ. ‘ಒಮೊನಿಗಾ ಶಿಜಾಂಗೆಸೊ ಸೆಂಗ್ಸೊನುಲ್ ಸಾಶ್ಯೊಸ್ಸೊಯೊ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ಅಮ್ಮ ಮಾರುಕಟ್ಟೆಯಲ್ಲಿ ಮೀನನ್ನು ಕೊಂಡರು’. ‘ಎಸೊ’ ನಮ್ಮ ‘ಅಲ್ಲಿ’, ‘ಉಲ್’ ನಮ್ಮ ‘ಅನ್ನು’, ಕ್ರಿಯಾಪದ ಕೊನೆಗೆ. ‘ನಿನ್ನೆ ನೋಡಿದ ಸಿನಿಮಾ’ ಅನ್ನಲು ಅವರಿಗೂ ಕೃದಂತವೇ ಸಾಕು: ‘ಒಜೆ ಪೋನ್ ಯೊಂಗ್ಹ್ವಾ’. ‘ತಿಂದು ನೋಡಿ’ ಎಂಬ ಉಪಚಾರ ಅಲ್ಲಿಯೂ ತಿನ್ನು, ನೋಡು ಎಂಬೆರಡು ಧಾತುಗಳಿಂದಲೇ ಆಗಿದೆ: ‘ಮೊಗೊ ಬ್ವಾಯೊ’. ‘ಮಾಡಿಕೊಡಿ’ ಎಂಬುದು ‘ಹೆ ಜುಸೆಯೊ’, ಅದರಲ್ಲೂ ಮಾಡು, ಕೊಡು. ಇಂಗ್ಲಿಷ್ ಮೂಲಕ ಕಲಿಸುವ ಪುಸ್ತಕಗಳು ಇವಕ್ಕೆ ಪುಟಗಟ್ಟಲೆ ವಿವರಣೆ ಬರೆಯುತ್ತವೆ. ಕನ್ನಡಿಗರು ಆ ವಿವರಣೆಯನ್ನು ಓದಿ ಇಲ್ಲದ ಗೊಂದಲವನ್ನು ತಂದುಕೊಳ್ಳುತ್ತಾರೆ. ವಾಕ್ಯವನ್ನು ನೇರ ಕನ್ನಡಕ್ಕೆ ಇಳಿಸಿಕೊಳ್ಳಿ, ನಡುವೆ ಇಂಗ್ಲಿಷನ್ನು ತರಬೇಡಿ ಎಂದು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ನೀವು ಕಲಿತರೆ ನನ್ನ ಹುಡುಗರಿಗಿಂತ ಬೇಗ ಮುಂದೆ ಹೋಗುತ್ತೀರಿ ಎಂಬ ಗುಮಾನಿ ನನಗಿದೆ.

ಪ್ರಶ್ನೆ: ಧಾರಾವಾಹಿಯಲ್ಲಿ ಕೇಳಿದ ಮಾತನ್ನೇ ನಮ್ಮ ಆಫೀಸಿನ ಕೊರಿಯನ್ ಹಿರಿಯ ಅಧಿಕಾರಿಗೆ ಹೇಳಿದೆ. ‘ನೊ’ ಎಂದು ಶುರು ಮಾಡಿದ್ದಷ್ಟೇ, ಮುಖ ಬಿಗಿದುಕೊಂಡಿತು.
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ‘ನೊ’ ಅಂದರೆ ನೀನು! ಧಾರಾವಾಹಿಯಲ್ಲಿ ಗೆಳೆಯರು, ಪ್ರೇಮಿಗಳು, ಜಗಳಗಂಟರು ಆಡುವುದು ‘ಪಾನ್ಮಾಲ್’ ಎಂಬ ಸಲಿಗೆಯ ಮಾತು. ಹೊಸಬರು ಮೊದಲ ದಿನದಿಂದಲೂ ‘ಯೊ’ ಎಂದು ಮುಗಿಯುವ ರೂಪವನ್ನೇ ಆಡಬೇಕು. ಕ್ರಿಯಾಪದ ಅವನು, ಅವಳು, ನಾನು ಎಂದು ಬದಲಾಗುವುದಿಲ್ಲ; ‘ಕಾಯೊ’ ಒಂದೇ ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಎಲ್ಲಕ್ಕೂ ನಡೆಯುತ್ತದೆ. ಅಲ್ಲಿ ಉಳಿಸಿದ ಶ್ರಮವನ್ನೆಲ್ಲ ಮರ್ಯಾದೆಗೆ ಸುರಿಯಬೇಕು. ಹಿರಿಯರ ಬಗ್ಗೆ ಹೇಳುವಾಗ ಧಾತುವಿಗೆ ‘ಶಿ’ ಸೇರಿ ‘ಕಾಸೆಯೊ’. ನೀವು ಎಂಬುದಕ್ಕೆ ನಿಘಂಟಿನಲ್ಲಿ ‘ತಾಂಗ್ಶಿನ್’ ಸಿಗುತ್ತದೆ. ಅದನ್ನೂ ಮುಟ್ಟಬೇಡಿ, ಜಗಳದಲ್ಲಿ ಏರಿಬರುವ ಪದ ಅದು. ಹುದ್ದೆಗೆ ‘ನಿಮ್’ ಸೇರಿಸಿ ಕರೆಯಿರಿ: ತಂಡದ ಮುಖ್ಯಸ್ಥರು ‘ತಿಮ್ಜಾಂಗ್ನಿಮ್’, ಮೇಷ್ಟ್ರು ‘ಸೊನ್ಸೆಂಗ್ನಿಮ್’. ನಮ್ಮಲ್ಲೂ ಮೇಷ್ಟ್ರನ್ನು ಯಾರು ‘ನೀವು’ ಎಂದು ಕೂಗಿ ಕರೆಯುತ್ತಾರೆ? ಇನ್ನು, ಗಂಡಸಾಗಿದ್ದರೆ ನೀವು ಯಾರನ್ನೂ ‘ಒಪ್ಪಾ’ ಅನ್ನುವಂತಿಲ್ಲ. ಅದು ಹೆಣ್ಣುಮಕ್ಕಳು ಅಣ್ಣನಿಗೆ ಹೇಳುವುದು. ಗಂಡುಮಕ್ಕಳಿಗೆ ಅಣ್ಣ ‘ಹ್ಯೊಂಗ್’. ಅಕ್ಕನೂ ಹಾಗೆಯೇ, ಹುಡುಗಿಗೆ ‘ಒನ್ನಿ’, ಹುಡುಗನಿಗೆ ‘ನೂನಾ’.

ಪ್ರಶ್ನೆ: ನನಗೆ 52. ಮಗಳ ಜೊತೆ ಕಲಿಯುತ್ತಿದ್ದೇನೆ. ಎಲ್ಲ ಸರಿ, ಎರಡೆರಡು ಸಂಖ್ಯಾಕ್ರಮ ಯಾಕೆ?
– ಗೃಹಿಣಿ, ತುಮಕೂರು

ಉತ್ತರ: ಒಂದು ಅಚ್ಚ ಕೊರಿಯನ್ (ಹಾನಾ, ತುಲ್, ಸೆತ್), ಇನ್ನೊಂದು ಚೀನೀ ಮೂಲದ್ದು (ಇಲ್, ಇ, ಸಾಮ್). ವಯಸ್ಸು, ತಲೆ ಎಣಿಕೆ, ಗಂಟೆ ಮೊದಲನೆಯದರಲ್ಲಿ. ನಿಮಿಷ, ದುಡ್ಡು, ಫೋನ್ ನಂಬರು ಎರಡನೆಯದರಲ್ಲಿ. ಹೀಗಾಗಿ ಮೂರೂಕಾಲು ‘ಸೆ ಶಿ ಶಿಬೊ ಬುನ್’: ಮೂರು ಅಚ್ಚ ಕೊರಿಯನ್, ಹದಿನೈದು ಚೀನೀ ಮೂಲದ್ದು. ದೊಡ್ಡ ಸಂಖ್ಯೆಗಳನ್ನು ಹತ್ತು ಸಾವಿರದ ‘ಮಾನ್’ ಲೆಕ್ಕದಲ್ಲಿ ಕಟ್ಟುತ್ತಾರೆ. ಹತ್ತು ಮಾನ್ ನಮ್ಮ ಲಕ್ಷ, ಸಾವಿರ ಮಾನ್ ನಮ್ಮ ಕೋಟಿ. ಮಿಲಿಯನ್ ಹಾದಿ ಹಿಡಿಯದಿದ್ದರೆ ಬೇಗ ಹಿಡಿತಕ್ಕೆ ಸಿಗುತ್ತದೆ.

ಪ್ರಶ್ನೆ: ಆರು ತಿಂಗಳು ಕೊರಿಯನ್ ಕಲಿತರೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಖಾತ್ರಿ ಎಂದು ಏಜೆಂಟ್ ಒಬ್ಬರು ಮಗನಿಗೆ ಹೇಳಿ, ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕಟ್ಟಬಹುದೇ?
– ರೈತರು, ಬಳ್ಳಾರಿ ಜಿಲ್ಲೆ

ಉತ್ತರ: ಕಟ್ಟಬೇಡಿ. ಕಾರ್ಖಾನೆ, ಕೃಷಿ ಕೆಲಸಕ್ಕೆ ವಿದೇಶಿಯರನ್ನು ಕರೆಸಲು ಕೊರಿಯಾ ಸರ್ಕಾರವೇ 2004ರಿಂದ ಇಪಿಎಸ್ ಎಂಬ ವ್ಯವಸ್ಥೆ ನಡೆಸುತ್ತಿದೆ. ಒಪ್ಪಂದ ಮಾಡಿಕೊಂಡ ದೇಶಗಳವರಿಗೆ ಮಾತ್ರ ಅದು. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಏಜೆಂಟ್ ಯಾವ ವೀಸಾದ ಮಾತಾಡುತ್ತಿದ್ದಾರೆ ಎಂದು ಬರೆದುಕೊಡಲು ಕೇಳಿ, ಮಾತು ಅಲ್ಲಿಗೇ ನಿಲ್ಲಬಹುದು.

ಮಗನಿಗೆ ನಿಜವಾಗಿ ಆಸಕ್ತಿ ಇದ್ದರೆ ದಾರಿ ಬೇರೆ ಇದೆ. ಟೋಪಿಕ್ ಎಂಬ ಪರೀಕ್ಷೆ 1997ರಿಂದ ನಡೆಯುತ್ತಿದೆ, ಭಾರತದಲ್ಲೂ ಬರೆಯಬಹುದು. ಮೊದಲ ಪತ್ರಿಕೆ 200 ಅಂಕಕ್ಕೆ, ಕೇಳುವುದು ಮತ್ತು ಓದುವುದು ಮಾತ್ರ. 80 ಬಂದರೆ ಒಂದನೇ ಹಂತ, 140 ಬಂದರೆ ಎರಡನೆಯದು. ಮೂರರಿಂದ ಆರನೇ ಹಂತಕ್ಕೆ 300 ಅಂಕದ ಇನ್ನೊಂದು ಪತ್ರಿಕೆ, ಅದರಲ್ಲಿ ಬರವಣಿಗೆಯೂ ಇದೆ. ಪ್ರಮಾಣಪತ್ರಕ್ಕೆ ಎರಡು ವರ್ಷದ ಆಯುಷ್ಯ. ಕೊರಿಯಾ ಸರ್ಕಾರದ ಜಿಕೆಎಸ್ ವಿದ್ಯಾರ್ಥಿವೇತನ ಪಡೆದವರು ಅಲ್ಲಿ ಒಂದು ವರ್ಷ ಭಾಷೆ ಕಲಿತು, ಮೂರನೇ ಹಂತ ದಾಟಿದ ಮೇಲೆ ಪದವಿಗೆ ಹೋಗುತ್ತಾರೆ. ನಿಮ್ಮ ನೆರೆಯ ಆಂಧ್ರದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ 2019ರಿಂದ ಇದೆ, ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್ ಸಂಶೋಧನಾ ಕೇಂದ್ರವಿದೆ. ಇಂಥ ಕಡೆ ದುಭಾಷಿ ಕೆಲಸ ಕೇಳಲು ನಾಲ್ಕನೇ ಹಂತಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಅಷ್ಟಕ್ಕೆ ಆರು ತಿಂಗಳು ಸಾಲದು. ಇಂಗ್ಲಿಷ್ ಮಾತಾಡುವವರಿಗೆ 2200 ಗಂಟೆಯ ತರಗತಿ ಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆ ಲೆಕ್ಕ ಹಾಕಿದೆ. ವ್ಯಾಕರಣ ಹತ್ತಿರವಿರುವ ನಮಗೆ ಅದು ತಗ್ಗೀತು. ಪದಗಳನ್ನಂತೂ ಒಂದೊಂದಾಗಿಯೇ ಕಲಿಯಬೇಕು.

ಪ್ರಶ್ನೆ: ಕ್ಲಾಸಿಗೆ ಹೋಗದೆ ಮೊಬೈಲ್ ಆ್ಯಪ್‌ನಲ್ಲೇ ಕಲಿಯಬಹುದೇ?
– ನರ್ಸ್, ಹಾಸನ

ಉತ್ತರ: ಶುರು ಮಾಡಬಹುದು. ಚಿಹ್ನೆ ಮುಟ್ಟಿ ಅಂಕ ಗಳಿಸುವ ಆಟಗಳಿಗಿಂತ ಸೆಜೋಂಗ್ ಹಾಕ್ತಾಂಗ್ ಪ್ರತಿಷ್ಠಾನದ ಉಚಿತ ಆನ್‌ಲೈನ್ ಪಾಠಗಳು ಮೇಲು, ಪದ ನೋಡಲು ನೇವರ್ ನಿಘಂಟು, ಉಚ್ಚಾರವನ್ನೂ ಕೇಳಿಸುತ್ತದೆ. ಫೋನಿಗೆ ಇವತ್ತೇ ಕೊರಿಯನ್ ಕೀಲಿಮಣೆ ಸೇರಿಸಿ. ವ್ಯಂಜನಗಳು ಎಡಕ್ಕೆ, ಸ್ವರಗಳು ಬಲಕ್ಕೆ ಇರುತ್ತವೆ. ರಾತ್ರಿ ಪಾಳಿಯಲ್ಲಿ ಬಿಡುವಾದಾಗ ಐದೇ ವಾಕ್ಯ ಟೈಪ್ ಮಾಡಿ, ಗಟ್ಟಿಯಾಗಿ ಓದಿ, ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಮೂಲದ ಪಕ್ಕ ಇಟ್ಟು ಕೇಳಿ. ಮೂರು ತಿಂಗಳಾದ ಮೇಲೆ ತಿದ್ದುವವರೊಬ್ಬರನ್ನು ಹುಡುಕಿಕೊಳ್ಳಿ, ಆ ಬಿಗಿ ‘ಪ್ಪ’ವನ್ನು ಯಾವ ಆ್ಯಪ್ ಕೂಡ ಸರಿಯಾಗಿ ತಿದ್ದಿದ್ದು ನಾನು ನೋಡಿಲ್ಲ.