ರೋನೋಕ್‌ನ ಜಾನ್ ರಾಂಡಾಲ್ಫ್

ಅಮೆರಿಕದ ಚರಿತ್ರೆಯನ್ನು ಹೊಸದಾಗಿ ಓದುವವರಿಗೆ 'ರಾಜ್ಯಗಳ ಹಕ್ಕು' ಎಂಬ ಮಾತು ಮೇಲಿಂದ ಮೇಲೆ ಎದುರಾಗುತ್ತದೆ. ಒಕ್ಕೂಟ ಸೇರಿದ ರಾಜ್ಯಗಳು ಎಷ್ಟು ಅಧಿಕಾರವನ್ನು ಬರೆದುಕೊಟ್ಟಿವೆಯೋ ಅಷ್ಟೇ ಕೇಂದ್ರದ್ದು, ಮಿಕ್ಕದ್ದೆಲ್ಲ ತಮ್ಮದು ಎಂಬುದು ಅದರ ತಿರುಳು. ಈ ವಾದವನ್ನು ಅರಿಯಲು ವರ್ಜೀನಿಯಾದ ಜಾನ್ ರಾಂಡಾಲ್ಫ್‌ನ ಬದುಕು ಒಳ್ಳೆಯ ದಾರಿ. ಮಜವಾದ ದಾರಿ ಕೂಡ.

ಹುಟ್ಟಿದ್ದು 1773ರಲ್ಲಿ, ತೋಟ, ಗುಲಾಮರು ಎಲ್ಲ ಇದ್ದ ದೊಡ್ಡ ಮನೆತನದಲ್ಲಿ. ಅದೇ ಹೆಸರಿನ ನೆಂಟನೊಬ್ಬನಿದ್ದುದರಿಂದ ತನ್ನ ಹೆಸರಿಗೆ ರೋನೋಕ್ ಎಂಬ ತೋಟದ ಹೆಸರನ್ನೂ ಅಂಟಿಸಿಕೊಂಡ. 1799ರಲ್ಲಿ ಕಾಂಗ್ರೆಸ್ಸಿಗೆ ಬಂದ. (ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು.) ಮೀಸೆ ಮೂಡದ ಮುಖ, ಸಣಕಲು ಮೈ, ಹುಡುಗನಂಥ ಕೀರಲು ದನಿ. ಸವಾರಿಯ ಬೂಟು ತೊಟ್ಟು, ಚಾವಟಿ ಹಿಡಿದು, ಬೇಟೆನಾಯಿಗಳನ್ನೂ ಕರೆದುಕೊಂಡು ಸಭೆಗೆ ಬರುತ್ತಿದ್ದ. ಆದರೆ ಅವನು ಬಾಯಿ ತೆರೆದನೆಂದರೆ ಎದುರಾಳಿಗಳಿಗೆ ನಡುಕ.

ಮೊದಲಿಗೆ ಅಧ್ಯಕ್ಷ ಜೆಫರ್ಸನ್‌ರ ಪಕ್ಷಕ್ಕೆ ಕೆಳಮನೆಯಲ್ಲಿ ಇವನೇ ಮುಂದಾಳು. ಅಧಿಕಾರ ಸಿಕ್ಕ ಮೇಲೆ ಅವರು ಹಳೆಯ ತತ್ವ ಮರೆತರೆಂದು ಸಿಡಿದು ಹೊರಬಂದ. ಬ್ರಿಟನ್ ಮೇಲಿನ 1812ರ ಯುದ್ಧವನ್ನು ವಿರೋಧಿಸಿ ಮುಂದಿನ ಚುನಾವಣೆಯಲ್ಲಿ ಜೆಫರ್ಸನ್‌ರ ಅಳಿಯನ ಎದುರೇ ಸೋತ. ಮತ್ತೆ ಗೆದ್ದು ಬಂದ. 1826ರಲ್ಲಿ ವಿದೇಶಾಂಗ ಸಚಿವ ಹೆನ್ರಿ ಕ್ಲೇಯನ್ನು ಇಸ್ಪೀಟಿನ ಮೋಸಗಾರನೆಂದು ಸೆನೆಟ್ಟಿನಲ್ಲಿ ಹಂಗಿಸಿದ್ದು ಪಿಸ್ತೂಲಿನ ದ್ವಂದ್ವಕ್ಕೆ ಹೋಯಿತು. ಕ್ಲೇಯ ಗುಂಡು ಇವನ ಕೋಟನ್ನು ತೂತು ಮಾಡಿತು. ಇವನು ಎರಡನೇ ಸುತ್ತಿನಲ್ಲಿ ಗಾಳಿಗೆ ಗುಂಡು ಹಾರಿಸಿ ಕೈಕುಲುಕಿದ.

ಈ ಕಥೆಗಳಲ್ಲೇ ನಿಂತುಬಿಟ್ಟರೆ ಮುಖ್ಯವಾದದ್ದು ಕೈತಪ್ಪುತ್ತದೆ. 1824ರಲ್ಲಿ ರಸ್ತೆ, ಕಾಲುವೆಗಳಿಗಾಗಿ ಕೇಂದ್ರವೇ ಸರ್ವೆ ನಡೆಸುವ ಮಸೂದೆ ಬಂದಾಗ ಅವನು ಕಟುವಾಗಿ ವಿರೋಧಿಸಿದ. ರಸ್ತೆಗೇಕೆ ಇಷ್ಟು ರಂಪ ಎನಿಸಬಹುದು. ರಾಂಡಾಲ್ಫ್ ಮುಚ್ಚುಮರೆಯಿಲ್ಲದೆ ಕಾರಣ ಹೇಳಿದ: ಇದನ್ನು ಮಾಡುವ ಅಧಿಕಾರ ಕೇಂದ್ರಕ್ಕಿದ್ದರೆ, ನಾಳೆ ನಮ್ಮ ಗುಲಾಮರನ್ನೆಲ್ಲ ಬಿಡುಗಡೆ ಮಾಡುವ ಅಧಿಕಾರವೂ ಇದ್ದಂತೆ. ಉಳಿದವರು ಸಂವಿಧಾನದ ಭಾಷೆಯಲ್ಲಿ ಮರೆಸಿಟ್ಟದ್ದನ್ನು ಅವನು ಬಯಲಿಗಿಟ್ಟ. ಅವನನ್ನು ನಾವು ಓದಬೇಕಾದದ್ದು ಈ ಕಾರಣಕ್ಕೆ, ನಾಯಿಗಳಿಗಾಗಿ ಅಲ್ಲ.

ಹಾಗಿದ್ದೂ 1821ರ ಉಯಿಲಿನಲ್ಲಿ ತನ್ನ ಗುಲಾಮರಿಗೆಲ್ಲ ಬಿಡುಗಡೆ ಬರೆದಿದ್ದ, ಅವರು ನೆಲೆಯೂರಲು ಹಣವನ್ನೂ ಇಟ್ಟಿದ್ದ. 1832ರ ಉಯಿಲಿನಲ್ಲಿ ಆ ಮಾತಿರಲಿಲ್ಲ. 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಸಾಯುವ ಮುನ್ನ, ಬಿಡುಗಡೆಯೇ ತನ್ನ ಇಚ್ಛೆಯೆಂದು ಸಾಕ್ಷಿಗಳೆದುರು ಹೇಳಿದ. ನೆಂಟರು ಕೋರ್ಟಿಗೆ ಹೋದರು. ಅಷ್ಟು ದಿನ ಊರೆಲ್ಲ ನಗುತ್ತಿದ್ದ ಅವನ ತಿಕ್ಕಲುತನ ಈಗ ಕಾನೂನಿನ ಪ್ರಶ್ನೆಯಾಯಿತು: ಯಾವ ಉಯಿಲು ಬರೆಯುವಾಗ ಅವನ ಬುದ್ಧಿ ಸ್ಥಿಮಿತದಲ್ಲಿತ್ತು? ವರ್ಷಗಟ್ಟಲೆ ಎಳೆದಾಡಿದ ಮೇಲೆ 1821ರದ್ದೇ ಊರ್ಜಿತವಾಯಿತು.

1846ರಲ್ಲಿ ಸುಮಾರು 380 ಮಂದಿ ಬಿಡುಗಡೆ ಪಡೆದು ಓಹಿಯೊಗೆ ಹೊರಟರು. ಅಲ್ಲಿ ಗುಲಾಮಗಿರಿ ಇರಲಿಲ್ಲ. ಅವರಿಗಾಗಿ ಮರ್ಸರ್ ಕೌಂಟಿಯಲ್ಲಿ ಜಮೀನನ್ನೂ ಕೊಂಡಿಡಲಾಗಿತ್ತು. ಆದರೆ ಸ್ಥಳೀಯ ಬಿಳಿಯರು ಗುಂಪುಗೂಡಿ, ಕಾಲಿಡಲೂ ಬಿಡದೆ ಅವರನ್ನು ಅಟ್ಟಿದರು. ಓಹಿಯೊದೊಳಗೇ ತುಸು ದಕ್ಷಿಣಕ್ಕೆ ಹಿಂದಿರುಗಿದ ಹಲವರು ಪಿಕ್ವಾ, ಟ್ರಾಯ್ ಊರುಗಳ ಸುತ್ತ ಕೂಲಿ ಮಾಡಿಕೊಂಡು ನೆಲೆಸಿದರು.