ಅಂಗೈಯಲ್ಲಿ ಗಣಕಯಂತ್ರ

ಆಗದ ಮಾತನ್ನಾಡಿ ನಂಬಿಸುವವರನ್ನು ‘ಅಂಗೈಯಲ್ಲಿ ಅರಮನೆ ತೋರಿಸುತ್ತಾರೆ’ ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಈಚೆಗೆ ನಮ್ಮ ತರಗತಿಯ ವಿದ್ಯಾರ್ಥಿಗಳ ಮುಂದೆ ನಾವು ಒಂದು ಪ್ರಶ್ನೆಯನ್ನಿಟ್ಟೆವು: ದೂರವಾಣಿಯೂ ಗಣಕಯಂತ್ರವೂ ಒಂದೇ ಆಗಿರುವ, ಕೈಯಲ್ಲಿ ಹಿಡಿಯಬಹುದಾದ ಆದರ್ಶ ಯಂತ್ರವೊಂದನ್ನು ನೀವೇ ಕಲ್ಪಿಸುವುದಾದರೆ ಅದು ಹೇಗಿರಬೇಕು? ಬಂದ ಉತ್ತರಗಳನ್ನೆಲ್ಲ ಕೂಡಿಸಿದರೆ ಅರಮನೆಯೇ ಆಗುತ್ತಿತ್ತು. ಯಂತ್ರವು ಅಂಗಿಯ ಜೇಬಿನಲ್ಲಿ ಹಿಡಿಸಬೇಕು. ಮೇಜಿನ ಮೇಲಿನ ಗಣಕಯಂತ್ರದಷ್ಟೇ ವೇಗವಾಗಿ ಕೆಲಸ ಮಾಡಬೇಕು. ಒಮ್ಮೆ ವಿದ್ಯುತ್ತನ್ನು ತುಂಬಿದರೆ ಒಂದು ವಾರ ನಡೆಯಬೇಕು. ಎಷ್ಟು ದುಡಿದರೂ ಬಿಸಿಯಾಗಬಾರದು. ಇವುಗಳಲ್ಲಿ ಯಾವುದು ಸಾಧ್ಯವೆಂಬುದನ್ನು ತೀರ್ಮಾನಿಸುವವರು ಕಾರ್ಖಾನೆಯ ಒಡೆಯರೆಂದು ವಿದ್ಯಾರ್ಥಿಗಳು ಭಾವಿಸಿದ್ದರು. ಆದರೆ ಭೌತಶಾಸ್ತ್ರಕ್ಕೂ ಇಲ್ಲಿ ಹೇಳುವ ಮಾತೊಂದುಂಟು.

ಇಂಥ ಯಂತ್ರವನ್ನು ಮೊದಲು ಮಾರಾಟಕ್ಕೆ ತಂದವರು ಎದುರಿಸಿದ ತೊಡಕನ್ನು ನೋಡೋಣ. ಅಮೆರಿಕದ ಐಬಿಎಂ ಸಂಸ್ಥೆಯು ನಿರ್ಮಿಸಿದ ‘ಸೈಮನ್’ ಎಂಬ ಯಂತ್ರವು 1994ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಿಂದ ಮಾತನಾಡಬಹುದಾಗಿತ್ತು, ವಿಳಾಸಗಳನ್ನು ಬರೆದಿಡಬಹುದಾಗಿತ್ತು, ಪರದೆಯನ್ನು ಮುಟ್ಟಿಯೇ ಕೆಲಸ ನಡೆಸಬಹುದಾಗಿತ್ತು. ತೂಕ ಮಾತ್ರ ಸುಮಾರು ಅರ್ಧ ಕಿಲೋಗ್ರಾಂ! ಮಾತನಾಡುತ್ತ ಹೋದರೆ ಅದರ ವಿದ್ಯುತ್ಕೋಶವು ಒಂದು ಗಂಟೆಯ ಹೊತ್ತಿಗೆ ಬರಿದಾಗುತ್ತಿತ್ತು. ಆ ಕಾಲದ ಅನಲಾಗ್ ದೂರವಾಣಿಯು ಸಂಭಾಷಣೆ ಮುಗಿಯುವವರೆಗೂ ಎಡೆಬಿಡದೆ ರೇಡಿಯೊ ತರಂಗಗಳನ್ನು ಹೊಮ್ಮಿಸುತ್ತಿರಬೇಕಾಗಿತ್ತು. ನಾವು ಸುಮ್ಮನೆ ಕೇಳುತ್ತಿದ್ದಾಗಲೂ ಅದಕ್ಕೆ ವಿಶ್ರಾಂತಿಯಿರಲಿಲ್ಲ.

ಎರಡು ವರ್ಷಗಳ ತರುವಾಯ, 1996ರಲ್ಲಿ, ‘ಪೈಲಟ್’ ಎಂಬ ಕಿಸೆಯ ಗಣಕಯಂತ್ರವು ಹೊರಬಂದಿತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅವರು ಯಂತ್ರವನ್ನು ಕಟ್ಟುವುದಕ್ಕೆ ಮೊದಲು ಅದೇ ಗಾತ್ರದ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿದರು. ಯಾರಾದರೂ ಭೇಟಿಯ ದಿನವನ್ನು ಕೇಳಿದರೆ ಆ ತುಂಡನ್ನು ಹೊರತೆಗೆದು ಕಡ್ಡಿಯಿಂದ ಅದರ ಮೇಲೆ ಬರೆದಂತೆ ನಟಿಸುತ್ತಿದ್ದರಂತೆ. ನೋಡಿದವರು ಏನೆಂದುಕೊಂಡರೋ! ಯಾವುದು ಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಅವರಿಗೆ ಕಲಿಸಿದ್ದು ಆ ಮರದ ತುಂಡೇ. ಅವರು ಬಿಟ್ಟದ್ದು ಬಹಳ. ಪೈಲಟ್‌ನಲ್ಲಿ ದೂರವಾಣಿಯಿರಲಿಲ್ಲ; ಬಣ್ಣವಿರಲಿಲ್ಲ; ಪರದೆಯ ಹಿಂದೆ ದೀಪವೂ ಇರಲಿಲ್ಲ. ಆದಕಾರಣ ಎರಡು ಸಣ್ಣ ಪೆನ್ಸಿಲ್ ಸೆಲ್ಲುಗಳಿಂದ ಅದು ವಾರಗಟ್ಟಲೆ ನಡೆಯಿತು. ಆ ಎರಡು ಸೆಲ್ಲುಗಳಲ್ಲಿ ಅಡಗಿರುವ ಶಕ್ತಿಯು ಸುಮಾರು 3 ವಾಟ್-ಗಂಟೆ, ಅಂದರೆ 10,800 ಜೌಲ್. ಎರಡು ವಾರ ಬಾಳಿದುವೆಂದು ಇಟ್ಟುಕೊಂಡರೂ ಯಂತ್ರದ ಸರಾಸರಿ ವೆಚ್ಚವು ಒಂದು ವಾಟಿನ ನೂರನೆಯ ಒಂದು ಪಾಲಿಗಿಂತ ಕಡಿಮೆ. ಕಡ್ಡಿ ತಾಗಿದಾಗ ಎಚ್ಚರ, ಉಳಿದಂತೆ ನಿದ್ರೆ: ಇದೇ ಅದರ ಗುಟ್ಟು.

ಇಂದಿನ ವಿದ್ಯುತ್ಕೋಶಗಳು ಬಹಳ ಸುಧಾರಿಸಿವೆಯಲ್ಲವೇ ಎಂದು ವಾಚಕರು ಕೇಳಬಹುದು. ನಿಜ. ಈಗಿನ ಅನೇಕ ಫೋನುಗಳಲ್ಲಿರುವ 5,000 ಮಿಲಿ-ಆಂಪಿಯರ್-ಗಂಟೆಯ ಲಿಥಿಯಂ ಕೋಶವು ಸುಮಾರು 19 ವಾಟ್-ಗಂಟೆ, ಎಂದರೆ ಹತ್ತಿರ ಹತ್ತಿರ 69,000 ಜೌಲ್ ಶಕ್ತಿಯನ್ನು ಹಿಡಿದಿಡುತ್ತದೆ. ಸಂಖ್ಯೆಯು ದೊಡ್ಡದೆಂದು ತೋರುತ್ತದೆ. ಆದರೆ ಮೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ, ಅಂದರೆ ಆರೇಳು ಬೀಜಗಳಲ್ಲಿ, ಇಷ್ಟೇ ಶಕ್ತಿಯುಂಟು! ಕಡಲೆಬೀಜವು ಉರಿಯಲು ಬೇಕಾದ ಆಮ್ಲಜನಕವನ್ನು ಗಾಳಿಯಿಂದ ಪಡೆಯುತ್ತದೆ; ಈ ಕೋಶವಾದರೋ ರಾಸಾಯನಿಕ ಕ್ರಿಯೆಗೆ ಬೇಕಾದ ಎರಡು ಪಕ್ಷದ ವಸ್ತುಗಳನ್ನೂ ತನ್ನ ಹೊಟ್ಟೆಯಲ್ಲೇ ಹೊತ್ತಿರಬೇಕು. ಪರದೆಯ ಬೆಳಕು, ಲೆಕ್ಕದ ವೇಗ, ರೇಡಿಯೊ, ಛಾಯಾಗ್ರಾಹಕ, ಎಲ್ಲವೂ ಈ ಒಂದೇ ಥೈಲಿಗೆ ಕೈಹಾಕುತ್ತವೆ.

ಒಳ್ಳೆಯದು, ಎಂದೂ ಬರಿದಾಗದ ವಿದ್ಯುತ್ಕೋಶವೊಂದು ನಮಗೆ ದೊರಕಿತೆಂದು ಊಹಿಸಿಕೊಳ್ಳೋಣ. ಆಗ ಮೇಜಿನ ಗಣಕಯಂತ್ರದ ವೇಗವನ್ನು ಅಂಗೈಗೆ ತರಬಹುದೇ? ನಮ್ಮ ಇಡೀ ತರಗತಿಯು ‘ತರಬಹುದು’ ಎಂದಿತು. ಉತ್ತರವು ತಪ್ಪು. ಯಂತ್ರವು ಬಳಸುವ ವಿದ್ಯುಚ್ಛಕ್ತಿಯಲ್ಲಿ ಹೊರಗೆ ಹೋಗುವ ಅಲ್ಪಸ್ವಲ್ಪ ಬೆಳಕು ಮತ್ತು ರೇಡಿಯೊ ತರಂಗಗಳನ್ನು ಬಿಟ್ಟರೆ ಉಳಿದದ್ದೆಲ್ಲವೂ ಕೊನೆಗೆ ಶಾಖವಾಗುತ್ತದೆ. ಆ ಶಾಖವು ಯಂತ್ರದ ಮೈಯಿಂದಲೇ ಹೊರಬೀಳಬೇಕು. 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಫೋನಿನ ಎರಡು ಮುಖಗಳ ವಿಸ್ತೀರ್ಣವು 210 ಚದರ ಸೆಂಟಿಮೀಟರ್. ಬೀಸಣಿಗೆಯಿಲ್ಲದೆ ನಿಂತ ಗಾಳಿಯಲ್ಲಿ, ಗಾಳಿಯ ಚಲನೆ ಮತ್ತು ವಿಕಿರಣ ಎರಡನ್ನೂ ಕೂಡಿಸಿ, ಒಂದು ಚದರ ಮೀಟರಿನಿಂದ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವಾಟ್ ಶಾಖವು ಹೊರಹೋಗುತ್ತದೆ. ನಮ್ಮ ಫೋನಿಗೆ ಇದನ್ನು ಅನ್ವಯಿಸಿದರೆ ಡಿಗ್ರಿಯೊಂದಕ್ಕೆ 0.21 ವಾಟ್. ಮೈಯ ಉಷ್ಣತೆಯು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹಿಡಿದ ಕೈಗೆ ಹಿತವಾಗದು. ಕೋಣೆಯ ಉಷ್ಣತೆ 30 ಡಿಗ್ರಿಯಿದ್ದರೆ ವ್ಯತ್ಯಾಸ 13 ಡಿಗ್ರಿ. ಹೊರಹೋಗುವ ಶಾಖವು 2.7 ವಾಟ್. ಇದಕ್ಕಿಂತ ಹೆಚ್ಚು ಶಕ್ತಿಯನ್ನು ಆ ಯಂತ್ರವು ಬಹಳ ಹೊತ್ತು ಖರ್ಚುಮಾಡಲಾರದು. ಕೆಲವು ನಿಮಿಷ ಎಂಟು ವಾಟ್ ಖರ್ಚುಮಾಡಿ ಆಟವಾಡಿಸಬಹುದು. ಮೈ ಬಿಸಿಯೇರಿದೊಡನೆ ಅದು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ.

ಇದೇ ಫೋನನ್ನು ಮೇ ತಿಂಗಳಿನ ಒಂದು ಮಧ್ಯಾಹ್ನ ರಾಯಚೂರಿಗೆ ಒಯ್ಯಿರಿ. ನೆರಳಿನಲ್ಲಿಯೇ 40 ಡಿಗ್ರಿ. ಉಳಿದ ವ್ಯತ್ಯಾಸ ಮೂರೇ ಡಿಗ್ರಿ. ಹೊರಹೋಗುವ ಶಾಖವು ಒಂದು ವಾಟಿಗೂ ಕಡಿಮೆ! ಬಿಸಿಲಿನಲ್ಲಿ ನಿಂತವನ ಅವಸ್ಥೆಯನ್ನಂತೂ ಕೇಳುವುದೇ ಬೇಡ: ಪರದೆಯು ಕಾಣದೆಂದು ಬೆಳಕನ್ನು ಹೆಚ್ಚಿಸುತ್ತಾನೆ, ಬೆಳಕು ಶಾಖವನ್ನು ಹೆಚ್ಚಿಸುತ್ತದೆ. ತಣ್ಣನೆಯ ಕೋಣೆಯಲ್ಲಿ ಆದರ್ಶವೆನಿಸಿದ ಯಂತ್ರವು ಇಲ್ಲಿ ಆದರ್ಶವಲ್ಲ.

ಆದುದರಿಂದ ‘ಯಾರಿಗೆ, ಎಲ್ಲಿ’ ಎಂಬುದನ್ನು ಮೊದಲು ಕೇಳದೆ ಆದರ್ಶವನ್ನು ಹುಡುಕುವುದು ವ್ಯರ್ಥ. ಈ ಪ್ರಶ್ನೆಯನ್ನು ನೇರವಾಗಿ ಕೇಳಿಕೊಂಡ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆಯಿತೆಂಬುದನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರಿಯರು. ಭಾರತೀಯ ವಿಜ್ಞಾನ ಮಂದಿರದ ಕೆಲವು ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿ 2001ರಲ್ಲಿ ಮಾದರಿಯನ್ನು ಪ್ರದರ್ಶಿಸಿದರು. ಓದುಬಾರದ ಹಳ್ಳಿಗನೂ ಬಳಸುವಂತಿರಬೇಕು ಎಂಬುದು ಅವರ ಹಂಬಲ. ಅದಕ್ಕಾಗಿ ಯಂತ್ರವು ಭಾರತೀಯ ಭಾಷೆಗಳ ಬರೆಹವನ್ನು ಓದಿ ಹೇಳಬೇಕೆಂದು ಬಯಸಿದರು. ಒಬ್ಬೊಬ್ಬರಿಗೂ ಒಂದೊಂದು ಯಂತ್ರ ಕೊಳ್ಳುವ ಶಕ್ತಿಯಿಲ್ಲದೆಡೆ ಊರಿಗೊಂದು ಯಂತ್ರವಿದ್ದು, ಪ್ರತಿಯೊಬ್ಬನೂ ತನ್ನ ಮಾಹಿತಿಯನ್ನು ಒಂದು ಚಿಕ್ಕ ಸ್ಮಾರ್ಟ್ ಕಾರ್ಡಿನಲ್ಲಿಟ್ಟುಕೊಳ್ಳುವಂತೆ ಏರ್ಪಡಿಸಿದರು. 2004ರಲ್ಲಿ ಮಾರಾಟಕ್ಕೆ ಬಂದ ‘ಅಮಿಡ’ ಎಂಬ ಸಿಂಪ್ಯೂಟರ್, ಕೈಯ ಅಲುಗಾಟವನ್ನೂ ಗ್ರಹಿಸುತ್ತಿತ್ತು. ಎಣಿಸಿದಷ್ಟು ಯಂತ್ರಗಳು ಮಾರಾಟವಾಗಲಿಲ್ಲ. ಅಗ್ಗದ ಮೊಬೈಲ್ ಫೋನು ಹಳ್ಳಿಯನ್ನು ಬೇರೆ ದಾರಿಯಿಂದ ಸೇರಿತು. ಆದರೂ ಅವರು ಬರೆದುಕೊಂಡ ಬೇಡಿಕೆಗಳ ಪಟ್ಟಿಯು ನಮ್ಮ ತರಗತಿಯ ಪಟ್ಟಿಗಿಂತ ಎಷ್ಟೋ ಮೇಲು ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಮನೆಯ ಫೋನಿನ ವೆಚ್ಚವನ್ನು ನೀವೇ ಅಳೆಯಬಹುದು. ಪರದೆಯ ಬೆಳಕನ್ನು ಪೂರ್ತಿ ಏರಿಸಿ ಒಂದು ಗಂಟೆ ಓದಿರಿ. ಕೋಶವು ನೂರಕ್ಕೆ ಎಷ್ಟು ಪಾಲು ಇಳಿಯಿತೆಂದು ಗುರುತಿಸಿಕೊಳ್ಳಿರಿ. 19 ವಾಟ್-ಗಂಟೆಯ ಕೋಶವು ನೂರಕ್ಕೆ 10ರಷ್ಟು ಇಳಿದಿದ್ದರೆ ವೆಚ್ಚವು 1.9 ವಾಟ್. ಬಳಿಕ ಬೆಳಕನ್ನು ತಗ್ಗಿಸಿ, ಅದೇ ಪುಸ್ತಕವನ್ನು ಇನ್ನೊಂದು ಗಂಟೆ ಓದಿ, ಎರಡು ಫಲಿತಾಂಶಗಳನ್ನು ಹೋಲಿಸಿರಿ. ಈ ಪ್ರಯೋಗವನ್ನು ನಡೆಸಿದ ಮರುದಿನ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಪಟ್ಟಿಯನ್ನು ಹಿಂದಕ್ಕೆ ಕೇಳಿ ಪಡೆದು, ‘ಮೇಜಿನ ಗಣಕಯಂತ್ರದ ವೇಗ’ ಎಂಬುದನ್ನು ಹೊಡೆದುಹಾಕಿ, ‘ಬಿಸಿಲಿನಲ್ಲಿ ದೀಪವಿಲ್ಲದೆ ಓದಲು ಬರುವ ಪರದೆ’ ಎಂದು ಬರೆದುಕೊಟ್ಟಳು.