ಗಣಕಯಂತ್ರದೊಳಗೆ ಒಂದು ಕೋಟೆ

ಬೇಕಲದ ಕೋಟೆಯನ್ನು ನೋಡದಿರುವ ಮಕ್ಕಳು ನಮ್ಮ ಶಾಲೆಯಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ಅದರ ಗೋಡೆಯ ಎತ್ತರವೆಷ್ಟು, ಒಳಗಿನ ಕೆರೆಗೆ ಇಳಿಯುವ ಮೆಟ್ಟಿಲುಗಳೆಷ್ಟು ಎಂದು ಕೇಳಿದರೆ ಉತ್ತರ ಹೇಳತಕ್ಕವರು ವಿರಳ. ನನಗೂ ತಿಳಿದಿರಲಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಎಂಟನೆಯ ತರಗತಿಯ ಕೆಲವು ವಿದ್ಯಾರ್ಥಿಗಳೊಡನೆ ಕುಳಿತು, ಒಳಹೊಕ್ಕು ನಡೆದಾಡಬಹುದಾದಂತಹ ಒಂದು ಬೇಕಲ ಕೋಟೆಯನ್ನು ಗಣಕಯಂತ್ರದಲ್ಲಿ ಕಟ್ಟಲು ಹೊರಟಾಗ ಈ ಅಜ್ಞಾನವು ಬಯಲಾಯಿತು. ಆ ವಿದ್ಯೆಯಲ್ಲಿ ನಾನೂ ಅವರಷ್ಟೇ ಹೊಸಬ. ಎಡವಿದ ಜಾಗಗಳನ್ನು ಎಡವಿದವನೇ ಚೆನ್ನಾಗಿ ತೋರಿಸಬಲ್ಲನೆಂಬ ಧೈರ್ಯದಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ಈ ಕೆಲಸದ ಸಾಧನಕ್ಕೆ ‘ಗೇಮ್ ಎಂಜಿನ್’ ಎಂದು ಹೆಸರು. ಎಂಜಿನ್ ಎಂದೊಡನೆ ಕಬ್ಬಿಣವನ್ನೂ ಹೊಗೆಯನ್ನೂ ನೆನೆಯಬೇಕಾದುದಿಲ್ಲ. ವಸ್ತುಗಳನ್ನು ತೆರೆಯ ಮೇಲೆ ಚಿತ್ರಿಸುವುದು, ಅವುಗಳಿಗೆ ಬೆಳಕು ನೆರಳು ಕೊಡುವುದು, ಒಂದು ಇನ್ನೊಂದಕ್ಕೆ ತಾಗಿತೇ ಎಂದು ಲೆಕ್ಕ ಹಾಕುವುದು – ಇಂತಹ ಕೆಲಸಗಳನ್ನೆಲ್ಲ ಮೊದಲೇ ಬರೆದಿಟ್ಟಿರುವ ತಂತ್ರಾಂಶವಿದು. ನಾವು ಆರಿಸಿಕೊಂಡದ್ದು ‘ಗೋಡೋ’ ಎಂಬುದನ್ನು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ, ಏರಿಯಲ್ ಮಂಜೂರ್ ಎಂಬಿಬ್ಬರು ಆರಂಭಿಸಿದ ಇದು 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಬಳಸುವವರು ಕಾಸು ಕೊಡಬೇಕಾಗಿಲ್ಲ. ಎಂದೂ ಬಾರದವನಿಗಾಗಿ ಕಾದು ಕುಳಿತವರನ್ನು ಕುರಿತ ಸ್ಯಾಮ್ಯುಯೆಲ್ ಬೆಕೆಟ್ಟನ ನಾಟಕದಿಂದ ಅದಕ್ಕೆ ಹೆಸರು ಬಂದಿದೆ. ನಮ್ಮ ಹಳೆಯ ಗಣಕದಲ್ಲಿ ಅದು ತೆರೆದುಕೊಳ್ಳುವುದನ್ನು ಕಾಯುವಾಗ ಹೆಸರು ಸಾರ್ಥಕವೆಂದು ತೋರಿತು.

ಗೋಡೋವಿನ ಲೋಕದಲ್ಲಿ ಪ್ರತಿಯೊಂದೂ ಒಂದು ‘ನೋಡ್’. ಸೂರ್ಯ ಒಂದು ನೋಡ್, ಗೋಡೆ ಒಂದು ನೋಡ್, ನೋಡುವ ಕಣ್ಣಾದ ಕ್ಯಾಮರಾ ಇನ್ನೊಂದು. ವಂಶವೃಕ್ಷದಲ್ಲಿ ತಂದೆಯ ಕೆಳಗೆ ಮಕ್ಕಳಿರುವಂತೆ ಒಂದರ ಕೆಳಗೊಂದು ಇವು ಸೇರಿ ‘ಸೀನ್’ ಆಗುತ್ತವೆ. ಅಲ್ಲಿನ ಒಂದು ಮಾನವೆಂದರೆ ಒಂದು ಮೀಟರು. ಆರಂಭಕ್ಕೆ ಇಷ್ಟು ತಿಳಿದರೆ ಸಾಕು.

ಮೊದಲ ದಿನ ವಿಶಾಲವಾದ ನೆಲವನ್ನು ಹಾಸಿ, ಅದರ ಮೇಲೊಬ್ಬ ಪಥಿಕನನ್ನು ನಿಲ್ಲಿಸಿ, ಸಂತೋಷದಿಂದ ಗುಂಡಿಯನ್ನೊತ್ತಿದೆವು. ಪಥಿಕನು ನೆಲದೊಳಗೆ ಮುಳುಗಿ ಪಾತಾಳಕ್ಕೆ ಬೀಳತೊಡಗಿದನು, ಬೀಳುತ್ತಲೇ ಇದ್ದನು. ಕಾರಣವು ಸರಳವಾದುದು. ನಾವು ಹಾಸಿದ್ದು ಕಣ್ಣಿಗೆ ಕಾಣುವ ‘ಮೆಶ್’ ಮಾತ್ರ. ಕಾಲಿಗೆ ತಾಗಬೇಕಾದರೆ ಅದೇ ಜಾಗದಲ್ಲಿ ಕಣ್ಣಿಗೆ ಕಾಣದ ‘ಕೊಲಿಶನ್ ಶೇಪ್’ ಎಂಬ ಬೇರೊಂದು ಆಕಾರವನ್ನು ಇಡಬೇಕು. ನಿಜಲೋಕದಲ್ಲಿ ಮುರಕಲ್ಲು ಕಾಣುವುದೂ ಅದೇ, ತಾಗುವುದೂ ಅದೇ. ಇಲ್ಲಿ ಅವೆರಡೂ ಬೇರೆ ಬೇರೆ. ಹೇಳದೆ ಇದ್ದುದನ್ನು ಯಂತ್ರವು ತಾನಾಗಿ ಊಹಿಸಿಕೊಳ್ಳುವುದಿಲ್ಲ.

ಎರಡನೆಯ ಪೆಟ್ಟು ಬಿದ್ದದ್ದು ಅಳತೆಯ ವಿಷಯದಲ್ಲಿ. ಪಥಿಕನ ದೇಹಕ್ಕೆ ಗುಳಿಗೆಯಂತಹ ಆಕಾರವನ್ನು ಕೊಡುವುದು ವಾಡಿಕೆ. ನಾವು ಏನೂ ಹೇಳದಿದ್ದರೆ ಅದರ ಎತ್ತರ 2 ಮೀಟರು, ಅಗಲ 1 ಮೀಟರು. 90 ಸೆಂಟಿಮೀಟರಿನ ಬಾಗಿಲಲ್ಲಿ ಈ ಮಹಾಶಯನು ತೂರಲಾರದೆ ನಿಂತಾಗ ಹುಡುಗರು ಬಾಗಿಲನ್ನೇ ಅಗಲ ಮಾಡಹೊರಟರು! ನಡೆಯುವ ವೇಗವೂ ಹೀಗೆಯೇ. ಗೋಡೋ ತಾನೇ ಒದಗಿಸುವ ಮಾದರಿ ಬರಹದಲ್ಲಿ ವೇಗವು ಸೆಕೆಂಡಿಗೆ 5 ಮೀಟರು, ಅಂದರೆ ಗಂಟೆಗೆ 18 ಕಿಲೋಮೀಟರು. ಅದು ಓಟವೇ ಹೊರತು ನಡಿಗೆಯಲ್ಲ. ಬೇಕಲದ ಕೋಟೆಯು ಸುಮಾರು 40 ಎಕರೆಯ ಸ್ಥಳ. ಚೌಕವೆಂದು ಭಾವಿಸಿದರೆ ಒಂದು ಬದಿಗೆ 400 ಮೀಟರಿನಷ್ಟು. ಆ ವೇಗದಲ್ಲಿ ಇದನ್ನು 80 ಸೆಕೆಂಡಿನಲ್ಲಿ ದಾಟಿಬಿಡಬಹುದು. ‘ಮೇಷ್ಟ್ರೇ, ಕೋಟೆ ಇಷ್ಟು ಸಣ್ಣದೇ?’ ಎಂದು ಒಬ್ಬ ಹುಡುಗಿ ಕೇಳಿದಳು. ವೇಗವನ್ನು 1.4ಕ್ಕೆ ಇಳಿಸಿದೆವು. ದಾಟುವುದಕ್ಕೆ ಐದು ನಿಮಿಷಗಳೇ ಹಿಡಿದವು. ಗೋಡೆಯ ಒಂದು ಕಲ್ಲನ್ನೂ ಅಲುಗಿಸದೆಯೇ ಕೋಟೆಯು ದೊಡ್ಡದಾಯಿತು. ಒಂದು ಸ್ಥಳದ ವಿಸ್ತಾರವು ನಡೆಯುವವನ ಕಾಲಿನಲ್ಲಿ ಅಡಗಿದೆಯೆಂಬುದನ್ನು ನಾನು ಭೂಗೋಳದ ಪಾಠದಲ್ಲಿಯೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಮೆಟ್ಟಿಲುಗಳ ಸಂಗತಿಯನ್ನೂ ಹೇಳಬೇಕು. ಕೆರೆಗೆ ಇಳಿದ ಪಥಿಕನು ಮರಳಿ ಮೇಲೇರಲಾರದೆ ಮೊದಲ ಮೆಟ್ಟಿಲಿಗೇ ಮುಗ್ಗರಿಸಿದನು. 45 ಅಂಶಗಳಿಗಿಂತ ಕಡಿದಾದುದನ್ನು ಎಂಜಿನ್ನು ನೆಲವೆಂದು ಎಣಿಸದೆ ಗೋಡೆಯೆಂದೇ ಎಣಿಸುತ್ತದೆ. ಮೆಟ್ಟಿಲಿನ ನೇರವಾದ ಮುಖವು ಅದಕ್ಕೆ ಗೋಡೆಯೇ. ಆದುದರಿಂದ ಕಾಣುವ ಮೆಟ್ಟಿಲುಗಳ ಮೇಲೆ ಕಾಣದ ಇಳಿಜಾರೊಂದನ್ನು ಹಾಸುವುದು ಪದ್ಧತಿ. 20 ಸೆಂಟಿಮೀಟರು ಎತ್ತರ, 30 ಸೆಂಟಿಮೀಟರು ಅಗಲದ ಮೆಟ್ಟಿಲುಗಳಾದರೆ ಇಳಿಜಾರು ಸುಮಾರು 34 ಅಂಶ. ಪಥಿಕನು ನಿರಾತಂಕವಾಗಿ ಏರುತ್ತಾನೆ.

ಹೊಸಬರು ಬಣ್ಣಕ್ಕೆ ಮರುಳಾಗುವುದುಂಟು. ನಾವೂ ಮುರಕಲ್ಲಿನ ಮೈಯ ತೂತುಗಳನ್ನು ಚಿತ್ರಿಸುವುದರಲ್ಲಿ ಒಂದು ವಾರವನ್ನು ಕಳೆದೆವು. ಆಮೇಲೆ ಗೋಡೆಗಳ ಅಳತೆಯೇ ತಪ್ಪೆಂದು ತಿಳಿದು, ಎಲ್ಲವನ್ನೂ ಕಿತ್ತು, ಬೂದುಬಣ್ಣದ ಬರಿಯ ಪೆಟ್ಟಿಗೆಗಳಿಂದ ಪುನಃ ಕಟ್ಟಿದೆವು. ಅಳತೆಪಟ್ಟಿಯನ್ನು ಹಿಡಿದು ಬೇಕಲಕ್ಕೆ ಮೂರು ಸಲ ಹೋಗಿಬಂದದ್ದು ಆ ಮೇಲೆಯೇ.

ಇಷ್ಟರಲ್ಲಿ ಒಂದು ವಾದ ಹುಟ್ಟಿತು. ಕೋಟೆಯೆಂದ ಮೇಲೆ ಅರಮನೆ ಬೇಡವೇ, ಬರಿಯ ಬಯಲನ್ನು ಯಾರು ನೋಡುತ್ತಾರೆ, ಎಂದು ಒಬ್ಬ ಜಾಣ ಹುಡುಗನು ಒಂದೇ ರಾತ್ರಿಯಲ್ಲಿ ಕಂಬಗಳೂ ಗೋಪುರಗಳೂ ಉಳ್ಳ ಅರಮನೆಯೊಂದನ್ನು ಕಟ್ಟಿ ತಂದನು. ಅದು ಚೆಲುವಾಗಿಯೇ ಇತ್ತು. ಆದರೆ ಕೆಳದಿಯ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಆ ಕೋಟೆಯಲ್ಲಿ ಇಂದು ನಿಂತಿರುವ ಅರಮನೆಯೊಂದೂ ಇಲ್ಲ. ಮನಸ್ಸಿಗೆ ಬಂದಂತೆ ಕಟ್ಟಿದ ಗೋಪುರದ ಮೇಲೂ ಅಳೆದು ಕಟ್ಟಿದ ಗೋಡೆಯ ಮೇಲೂ ಎಂಜಿನ್ನು ಒಂದೇ ಬಿಸಿಲನ್ನು ಚೆಲ್ಲುತ್ತದೆ. ಕೋಟೆಯನ್ನು ಕಾಣದ ದೂರದ ಊರಿನವನಿಗೆ ಯಾವುದು ದಿಟ, ಯಾವುದು ಕಟ್ಟುಕಥೆ ಎಂದು ತಿಳಿಯುವ ಬಗೆಯೇ ಇಲ್ಲ. ಅರಮನೆಯನ್ನು ತೆಗೆಸಿದೆ. ಹುಡುಗನು ಎರಡು ದಿನ ಮುಖ ಕೊಟ್ಟು ಮಾತನಾಡಲಿಲ್ಲ.

ಹಾಗಾದರೆ ಅಳೆಯಲಾರದೆ ಬಿಟ್ಟ ಗೋಡೆಗಳನ್ನು ಏನು ಮಾಡತಕ್ಕದ್ದು? ಕೋಟೆ ಸಣ್ಣದೇ ಎಂದು ಕೇಳಿದ ಹುಡುಗಿಯೇ ಇದಕ್ಕೂ ದಾರಿಯನ್ನು ತೋರಿಸಿದಳು. ಪಟ್ಟಿ ಹಿಡಿದು ಅಳೆದುದಕ್ಕೆಲ್ಲ ಮುರಕಲ್ಲಿನ ಕೆಂಪು. ಊಹೆಯಿಂದ ನಿಲ್ಲಿಸಿದುದು ಬೂದುಬಣ್ಣದಲ್ಲಿಯೇ ಇರಲಿ. ಈಗ ನಮ್ಮ ಕೋಟೆಯಲ್ಲಿ ಹೆಬ್ಬಾಗಿಲೂ ಕೆರೆಯೂ ಸಮುದ್ರದ ಕಡೆಯ ಗೋಡೆಯ ಒಂದು ತುಂಡೂ ಕೆಂಪಾಗಿವೆ, ಉಳಿದದ್ದೆಲ್ಲ ಬೂದು. ಅರಮನೆಯ ಹುಡುಗನು ವೀಕ್ಷಣಾ ಬುರುಜನ್ನು ಕೆಂಪು ಮಾಡುವ ಹೊಣೆಯನ್ನು ಹೊತ್ತಿದ್ದಾನೆ. ಬರುವ ರಜೆಗೆ ಉದ್ದನೆಯ ಪಟ್ಟಿಯೊಂದು ಬೇಕೆಂದು ಈಗಾಗಲೇ ಕೇಳಿಟ್ಟಿದ್ದಾನೆ.